ನೀರು ಹೇಳಿದ ಹೊತ್ತಿಗೆ

ರಜೆ ಹತ್ತಿರ ಬಂತೆಂದರೆ ಪರಸ್ಥಳದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುವುದುಂಟು. ಅಧ್ಯಕ್ಷ ಪದವಿ ಮನೆಯ ಯಜಮಾನರದು. ತೀರ್ಮಾನ ಮಾತ್ರ ಒಳಗಿನಿಂದ ಬರತಕ್ಕದ್ದು. ಮಕ್ಕಳು ತಂಪಾದ ಗುಡ್ಡದೂರು ಬೇಕೆನ್ನುತ್ತವೆ. ಅಜ್ಜಿಗೆ ಊರಿನ ತೇರು ತಪ್ಪಬಾರದು. ಯಜಮಾನರಿಗೋ, ಎಲ್ಲಿಗೂ ಹೋಗದೆ ಮನೆಯಲ್ಲೇ ಕಾಲು ಚಾಚಿ ಮಲಗಬೇಕೆಂಬ ಆಸೆ. ಅದನ್ನು ಹೇಳುವ ಧೈರ್ಯ ಇಲ್ಲ. ಇಂಥ ಸಭೆಗಳ ಮುಂದೆ ನಮ್ಮದೂ ಒಂದು ಸೂಚನೆ ಇರಲಿ ಎಂದು ಈ ಸಲದ ಅಂಕಣವನ್ನು ಒಂದು ಅಳಿವೆಗೆ ಮೀಸಲಿಟ್ಟಿದ್ದೇವೆ.

ಅಳಿವೆಯೆಂದರೆ ಹೊಳೆಯು ಕಡಲನ್ನು ಕೂಡುವ ಬಾಯಿ. ನಾವು ಹೇಳಹೊರಟಿರುವುದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿರುವ ಅಘನಾಶಿನಿಯ ಅಳಿವೆಯ ಮಾತು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ಈ ಹೊಳೆ ಕಾಡುಮೇಡುಗಳನ್ನು ಹಾದು, ಉಂಚಳ್ಳಿಯಲ್ಲಿ 116 ಮೀಟರು ಕೆಳಗೆ ಧುಮುಕಿ, ಸುಮಾರು 120 ಕಿಲೋಮೀಟರಿನ ಪಯಣ ಮುಗಿಸಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಬಾಯಿಯ ತೆಂಕಣ ದಂಡೆಯಲ್ಲಿ ಅಘನಾಶಿನಿಯೆಂಬ ಊರೇ ಇದೆ. ಬಡಗಣ ದಂಡೆಯಲ್ಲಿ ತದಡಿ. ಬಾಯಿ ಕಿರಿದು, ಒಳಗೆ ನೀರು ಕೆರೆಯಂತೆ ಹರಡಿಕೊಂಡಿದೆ. ಆ ಹರವಿನಲ್ಲಿ ಕಾಂಡ್ಲಾ ಗಿಡಗಳ ಹಸಿರು, ನಡುವೆ ನಡುವೆ ಕುರ್ವೆಗಳೆಂದು ಕರೆಯುವ ನಡುಗಡ್ಡೆಗಳು, ದಂಡೆಯುದ್ದಕ್ಕೂ ಒಡ್ಡು ಕಟ್ಟಿದ ಗಜನಿ ಗದ್ದೆಗಳು. ಗೋಕರ್ಣ ಇಲ್ಲಿಂದ ದೂರವಿಲ್ಲ. ಆದರೂ ಗೋಕರ್ಣದ ಕಡಲದಂಡೆಗೆ ಮುಗಿಬೀಳುವ ಜನರಲ್ಲಿ ನೂರಕ್ಕೊಬ್ಬರು ಈ ಕಡೆ ತಲೆ ಹಾಕುವುದಿಲ್ಲ. ಅದು ಈ ಸ್ಥಳದ ಭಾಗ್ಯವೆಂದೇ ನಮ್ಮ ಎಣಿಕೆ.

ಮುಂಬಯಿಯ ಕನ್ನಡಿಗರಿಗಂತೂ ಈ ನೆಲ ಹೊರಗಿನದಲ್ಲ. 1862ರಿಂದ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ ಒಂದರಂದು ಕನ್ನಡನಾಡು ಒಂದಾದಾಗ ಇತ್ತ ಬಂತು. ಕಾಗದಪತ್ರ ಮುಂಬಯಿಗೆ ಹೋಗುತ್ತಿದ್ದ ಹಾದಿಯಲ್ಲೇ ಹೊಟ್ಟೆಪಾಡಿಗಾಗಿ ಜನರೂ ಹೋದರು. ಮುಂಬಯಿಯಲ್ಲಿ ಬಾಳಿದ ಕತೆಗಾರ ಯಶವಂತ ಚಿತ್ತಾಲರು, 1928–2014, ಈ ಅಳಿವೆಗೆ ಹತ್ತಿರದ ಹನೇಹಳ್ಳಿಯವರು. ಸಮುದ್ರದೆದುರಿನ ಮನೆಯಲ್ಲಿದ್ದರೂ ಅವರ ಎಷ್ಟೋ ಕತೆಗಳು ಹನೇಹಳ್ಳಿಗೇ ನಡೆದು ಹೋಗುತ್ತವೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದಮೇಲೆ ಮುಂಬಯಿಯ ಕಡೆಯವರಿಗೆ ಹಾದಿ ಸುಲಭವಾಯಿತು. ಕುಮಟಾ ಅಥವಾ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದರಾಯಿತು. ಹೈದರಾಬಾದಿನವರು ಹುಬ್ಬಳ್ಳಿಗೆ ಬಂದು ಘಟ್ಟ ಇಳಿಯಬೇಕು, ಚೆನ್ನೈಯವರು ಮಂಗಳೂರನ್ನು ಸುತ್ತಿ ಬರಬಹುದು. ದಿಲ್ಲಿಯವರಿಗೆ ಎಲ್ಲವೂ ದೂರವೇ, ಅವರಿಗೆ ರೂಢಿ.

ಇನ್ನು ಅಲ್ಲಿ ಇರುವ ಬಗೆ. ಅಳಿವೆಯ ದಂಡೆಯಲ್ಲಿ ಡೇರೆ ಹಾಕಿ ಎರಡು ರಾತ್ರಿ ಕಳೆಯುವುದು, ಹಗಲು ದೋಣಿಯಲ್ಲಿ ಹುಟ್ಟು ಹಾಕುವುದು, ಸಾಧ್ಯವಾದರೆ ಗಾಳ ಹಾಕಿ ನಾಲ್ಕು ಮೀನು ಹಿಡಿಯುವುದು, ಇಷ್ಟೇ ಕಾರ್ಯಕ್ರಮ. ಕೇಳಲು ಸರಳ. ಆದರೆ ಇದಕ್ಕೆ ಹೊರಡುವವರು ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಳ್ಳಬೇಕು: ಅಲ್ಲಿ ಗಡಿಯಾರ ನಮ್ಮ ಕೈಯಲ್ಲಿ ಇರುವುದಿಲ್ಲ. ಅದು ನೀರಿನ ಕೈಯಲ್ಲಿದೆ.

ಮುಂಬಯಿಯವರಿಗೆ ಭರತಿ, ಓಹೋಟಿ ಎಂಬ ಮರಾಠಿ ಮಾತುಗಳು ಗೊತ್ತು. ಮಳೆಗಾಲದಲ್ಲಿ ಪತ್ರಿಕೆಗಳು ಭರತಿಯ ಹೊತ್ತನ್ನು ಅಚ್ಚು ಹಾಕುತ್ತವೆ. ಆ ದಿನ ಬೀದಿಯಲ್ಲಿ ನೀರು ನಿಂತೀತೆಂದು ನಾವು ಆಫೀಸಿನಿಂದ ಬೇಗ ಹೊರಡುತ್ತೇವೆ. ಕರಾವಳಿಯ ಕನ್ನಡದಲ್ಲಿ ಅದೇ ಭರತ, ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಗೂ ಇಳಿತಕ್ಕೂ ನಡುವೆ ಆರು ಗಂಟೆಗೆ ತುಸು ಹೆಚ್ಚು. ಚಂದ್ರನು ದಿನದಿನವೂ ತಡವಾಗಿ ಮೂಡುವುದರಿಂದ ಭರತದ ಹೊತ್ತೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಏರೂ ಹೆಚ್ಚು, ಇಳಿತವೂ ಹೆಚ್ಚು; ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಮುಂಬಯಿಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಮೀರಿದ ಅಂತರವಿದ್ದರೆ, ಕುಮಟೆಯ ಕಡೆ ಅದು ಒಂದೂವರೆ ಎರಡು ಮೀಟರು. ಅಷ್ಟೇ ಅಲ್ಲವೇ ಎನ್ನಬೇಡಿ. ಸಮತಟ್ಟಾದ ಕೆಸರುನೆಲದ ಮೇಲೆ ಎರಡು ಮೀಟರು ನೀರು ಬಂದು ಹೋಗುವುದೆಂದರೆ, ಬೆಳಿಗ್ಗೆ ದೋಣಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ನಡೆದಾಡುತ್ತಿರುತ್ತಾರೆ.

ನಮ್ಮ ಮೂರು ಕುಟುಂಬಗಳು ಒಂದು ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದಾಗ, ಜೊತೆಗಿದ್ದ ಹುಡುಗನೊಬ್ಬ ಅಂಬಿಗರನ್ನು ಕೇಳಿದ: "ಅಂಕಲ್, ದೋಣಿ ಎಷ್ಟು ಗಂಟೆಗೆ ಹೊರಡ್ತದೆ?"

ಅವರು ನೀರಿನ ಕಡೆ ನೋಡಿ, "ನೀರು ಬಂದ ಮೇಲೆ, ತಮ್ಮಾ" ಎಂದರು.

"ನೀರು ಎಷ್ಟು ಗಂಟೆಗೆ ಬರ್ತದೆ?"

"ನಿನ್ನೆಗಿಂತ ಸ್ವಲ್ಪ ತಡ."

ಲೋಕಲ್ ರೈಲಿನ ನಿಮಿಷ ಎಣಿಸಿ ಬೆಳೆದ ಹುಡುಗನಿಗೆ ಇದು ಉತ್ತರವೆಂದೇ ಅನ್ನಿಸಲಿಲ್ಲ. ದಂಡೆಯಲ್ಲಿ ಒಂದು ಕಡ್ಡಿ ನೆಟ್ಟು, ನೀರು ಅದನ್ನು ಮುಟ್ಟುವುದನ್ನು ಕಾಯುತ್ತ ಕುಳಿತ. ಮಾರನೆಯ ದಿನವೂ ಕಡ್ಡಿ ನೆಟ್ಟ. ಮೂರನೆಯ ದಿನ ಊಟಕ್ಕೆ ಕರೆದರೆ, "ಈಗ ಬೇಡ, ಇನ್ನು ಅರ್ಧ ಗಂಟೆಗೆ ನೀರು ತಿರುಗ್ತದೆ" ಎಂದು ಆತನೇ ನಮಗೆ ಹೇಳಿದ. ಎರಡು ವರ್ಷದ ಭೂಗೋಳದ ಪುಸ್ತಕ ಮಾಡದ ಕೆಲಸವನ್ನು ಒಂದು ಕಡ್ಡಿ ಮಾಡಿತು.

ಡೇರೆ ಹಾಕುವುದಕ್ಕೂ ಇದೇ ಲೆಕ್ಕ. ನೀರಂಚಿನ ಮರಳು ಮೆತ್ತಗಿದೆ, ನೋಟ ಚೆನ್ನಾಗಿದೆ ಎಂದು ಅಲ್ಲಿ ಗೂಟ ಹೊಡೆದರೆ ನಡುರಾತ್ರಿ ಹಾಸಿಗೆಯೊಳಗೆ ಸಮುದ್ರಸ್ನಾನ. ದಂಡೆಯ ಮೇಲೆ ಒಣಗಿದ ಎಲೆ, ಕಡ್ಡಿ, ಚಿಪ್ಪುಗಳ ಒಂದು ಗೆರೆ ಕಾಣುತ್ತದೆ. ಭರತ ತಂದು ಬಿಟ್ಟ ಕಸ ಅದು. ಅಂಥ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ, ಅದಕ್ಕೂ ಹತ್ತು ಹೆಜ್ಜೆ ಆಚೆ ಡೇರೆ ಹಾಕಬೇಕು. ತೆಂಗಿನ ಮರದ ಬುಡವನ್ನು ಬಿಡಿ; ಕಾಯಿ ಬೀಳುವುದಕ್ಕೆ ಪಂಚಾಂಗ ಕೇಳುವುದಿಲ್ಲ. ಖಾಲಿಯಾಗಿ ಕಂಡ ಜಾಗಕ್ಕೆಲ್ಲ ಒಡೆಯರಿದ್ದಾರೆ. ಪಕ್ಕದ ಮನೆಗೆ ಹೋಗಿ, "ಎರಡು ರಾತ್ರಿ ಇಲ್ಲಿ ಇರಬಹುದೇ?" ಎಂದು ಕೇಳಿಯೇ ಇಳಿಯಬೇಕು. ಕೇಳಿದವರಿಗೆ ಜಾಗದ ಜೊತೆ ಸಿಹಿನೀರಿನ ಬಾವಿಯೂ ಸಿಕ್ಕೀತು. ಕೇಳದವರಿಗೆ ಎರಡೂ ಇಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹೊಳೆ ಘಟ್ಟದ ನೀರನ್ನೆಲ್ಲ ಹೊತ್ತು ಬರುತ್ತದೆ. ಆಗ ಹೊರಗಿನವರಿಗೆ ಅಲ್ಲಿ ಕೆಲಸವಿಲ್ಲ.

ದೋಣಿಯ ಮಾತಿಗೆ ಬರೋಣ. ಅಲ್ಲಿನವರ ಪಾತಿ ದೋಣಿ ಕಿರಿದು, ಹಗುರ. ಅದರಲ್ಲಿ ಎದ್ದು ನಿಂತು ಫೋಟೋ ತೆಗೆಸಿಕೊಳ್ಳುವ ಚಪಲವಿದ್ದವರು ಈಜು ಬಲ್ಲವರಾಗಿರಬೇಕು. ಈಚೆಗೆ ಕಯಾಕ್ ಎಂಬ ಪ್ಲಾಸ್ಟಿಕ್ ದೋಣಿಗಳೂ ಬಂದಿವೆ. ಯಾವುದಾದರೂ ಆಗಲಿ, ದೊಡ್ಡವರಿಗೂ ಚಿಕ್ಕವರಿಗೂ ತೇಲುಕವಚ ಬೇಕೇ ಬೇಕು. ಇದರಲ್ಲಿ ಬಿಗುಮಾನ ಸಲ್ಲದು. ಭರತ ಏರತೊಡಗಿದಾಗ ದೋಣಿ ಬಿಟ್ಟು ಮಿರ್ಜಾನಿನ ಕಡೆ, ಹೊಳೆಯ ಒಳಕ್ಕೆ ಹೋಗಬೇಕು. ನೀರೇ ತಳ್ಳಿಕೊಂಡು ಹೋಗುತ್ತದೆ. ಇಳಿತ ಶುರುವಾದಾಗ ತಿರುಗಿದರೆ ನೀರೇ ಮನೆಗೆ ತಂದು ಬಿಡುತ್ತದೆ. ಇದನ್ನು ತಲೆಕೆಳಗು ಮಾಡಿದವರು ಎರಡು ಸಲವೂ ನೀರಿನೊಡನೆ ಹೊಡೆದಾಡಬೇಕಾಗುತ್ತದೆ.

ಅಳಿವೆಯ ಬಾಯಿಯ ಹತ್ತಿರ ಮಾತ್ರ ಆಟ ಬೇಡ. ಒಳಗಿನ ಹರವಿನ ನೀರೆಲ್ಲ ಇಳಿತದಲ್ಲಿ ಆ ಕಿರಿದಾದ ಬಾಯಿಂದಲೇ ಹೊರಡಬೇಕು, ಸೆಳೆತ ಜೋರಾಗಿರುತ್ತದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಪಡುವಣ ಗಾಳಿ ಏಳುತ್ತದೆ. ಹೊರಗೆ ಹೋಗುವ ನೀರು, ಒಳಗೆ ಬರುವ ಗಾಳಿ, ಇವೆರಡೂ ಎದುರುಬದುರಾದಲ್ಲಿ ತೆರೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಸಣ್ಣ ದೋಣಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಆದ್ದರಿಂದ ದೋಣಿಯಾಟ ಬೆಳಿಗ್ಗೆ, ಒಳನೀರಿನಲ್ಲಿ, ಊರಿನವರೊಬ್ಬರ ಜೊತೆಯಲ್ಲಿ. ಅಂಬಿಗರು ಇವತ್ತು ಬೇಡವೆಂದರೆ ಇವತ್ತು ಬೇಡ. ನಮ್ಮ ರಜೆ ಮುಗಿಯುವ ತಾರೀಕನ್ನು ಅವರಿಗೆ ಹೇಳಿ ಒತ್ತಾಯಿಸುವುದು ಸಲ್ಲದು. ಅವರು ತಾರೀಕಿನ ಮೇಲೆ ದೋಣಿ ನಡೆಸುವವರಲ್ಲ.

ಕಾಂಡ್ಲಾ ಕಾಡಿನ ಸಂದಿಯಲ್ಲಿ ದೋಣಿ ನುಗ್ಗಿದಾಗ ಮಕ್ಕಳ ಗದ್ದಲ ತಾನಾಗಿ ನಿಲ್ಲುತ್ತದೆ. ಒಂದು ಜಾತಿಯ ಗಿಡ ಊರುಗೋಲು ಹಿಡಿದ ಮುದುಕರಂತೆ ಬೇರುಗಳ ಮೇಲೆ ನಿಂತಿದೆ. ಇನ್ನೊಂದು, ಕೆಸರಿನಿಂದ ಬೆರಳಿನಂಥ ಉಸಿರುಬೇರುಗಳನ್ನು ಮೇಲೆತ್ತಿದೆ. ಕೆಸರಿನಲ್ಲಿ ಗಾಳಿಯಾಡುವುದಿಲ್ಲವಾಗಿ ಬೇರು ಹೊರಗೆ ಬಂದೇ ಉಸಿರಾಡಬೇಕು. ಕೆಲವು ಗಿಡಗಳ ಬೀಜ ತಾಯಿಮರದಲ್ಲೇ ಮೊಳೆತು, ಉದ್ದನೆಯ ಕೋಲಾಗಿ ಜೋತು, ಆಮೇಲೆ ನೀರಿಗೆ ಬಿದ್ದು ನೆಲೆ ಹುಡುಕಿ ತೇಲುತ್ತದೆ. ಈ ಬೇರುಗಳ ನಡುವೆ ಸೀಗಡಿಯ ಮರಿಗಳೂ ಮೀನಿನ ಮರಿಗಳೂ ದೊಡ್ಡ ಮೀನುಗಳ ಬಾಯಿಗೆ ಸಿಕ್ಕದೆ ಬೆಳೆಯುತ್ತವೆ. ಮೇಲೆ ಗರುಡ ಸುತ್ತುತ್ತದೆ, ಕೊಂಬೆಯ ತುದಿಯಲ್ಲಿ ಮಿಂಚುಳ್ಳಿ ಕಾಯುತ್ತದೆ.

ಗಾಳ ಹಾಕುವವರು ನೀರು ತಿರುಗುವ ಹೊತ್ತನ್ನು ನೋಡಿಕೊಳ್ಳಬೇಕು. ಮೀನು ಮೇಯಲು ಹೊರಡುವುದು ಆಗ. ಗಾಳಕ್ಕೆ ಸೀಗಡಿಯ ತುಂಡು ಸಾಕು. ಮರಳುತಳವಿದ್ದಲ್ಲಿ ಕಾಣೆ ಸಿಕ್ಕೀತು. ಇದನ್ನೇ ಕಾರವಾರ ಕುಮಟೆಯ ಕಡೆ ನೊಗಲಿ ಎನ್ನುವುದೂ ಉಂಟು. ಊರಿನವರು ಬೀಸುಬಲೆಯನ್ನು ಹೆಗಲಿಗೇರಿಸಿ, ಒಮ್ಮೆ ಸೊಂಟ ತಿರುಗಿಸಿ ಎಸೆದರೆ ಅದು ಗಾಳಿಯಲ್ಲಿ ಕೊಡೆಯಂತೆ ಅರಳಿ ನೀರಿಗೆ ಬೀಳುತ್ತದೆ. ನಾವು ಎಸೆದರೆ ಒದ್ದೆ ಪಂಚೆಯಂತೆ ಮುದ್ದೆಯಾಗಿ ಬೀಳುತ್ತದೆ. ನಮ್ಮ ಸಂಘದಲ್ಲಿ ಮೀನು ಮುಟ್ಟದ ಮನೆಗಳೂ ಸಾಕಷ್ಟಿವೆ ಎಂಬುದು ನಮಗೆ ಗೊತ್ತು. ಅವರೂ ಬರಲಿ. ಹಿಡಿದ ಮರಿಮೀನನ್ನು ಮೆಲ್ಲನೆ ಗಾಳದಿಂದ ಬಿಡಿಸಿ ನೀರಿಗೆ ಬಿಡಲು ಅವರಿಗಿಂತ ತಕ್ಕವರು ಸಿಕ್ಕಲಾರರು. ಮರಿಯನ್ನು ಬಿಡಲೇಬೇಕು, ಅದು ದಯೆಯ ಮಾತಷ್ಟೇ ಅಲ್ಲ, ಮುಂದಿನ ವರ್ಷದ ಲೆಕ್ಕ.

ಇಲ್ಲಿಗೆ ನಮ್ಮ ವಿನೋದದ ಭಾಗ ಮುಗಿಯಿತು. ನಮಗೆ ಎರಡು ದಿನದ ಆಟವಾದ ಇದೇ ನೀರು ಅಲ್ಲಿನವರಿಗೆ ಅನ್ನ.

ಇಳಿತದಲ್ಲಿ ನೆಲ ಬಿಟ್ಟುಕೊಟ್ಟಾಗ ಹೆಂಗಸರೂ ಗಂಡಸರೂ ಮೊಣಕಾಲುದ್ದದ ನೀರಿಗಿಳಿದು ಚಿಪ್ಪಿಕಲ್ಲು ಆಯುತ್ತಾರೆ. ಬಳಚು ಎಂದೂ ಕರೆಯುವ ಈ ಚಿಪ್ಪಿಗೆ ಬಲೆ ಬೇಡ, ದೋಣಿಯೂ ಅಷ್ಟಾಗಿ ಬೇಡ, ಬಂಡವಾಳವಂತೂ ಬೇಡವೇ ಬೇಡ. ಕಾಲಿನ ಬೆರಳು ಕೆಸರಿನಲ್ಲಿ ಹುಡುಕುತ್ತದೆ, ಕೈ ಎತ್ತುತ್ತದೆ. ಹೊಲವಿಲ್ಲದವರಿಗೂ ಇದೊಂದು ಹೊಲ. ಆರು ಗಂಟೆ ತೆರೆದಿರುತ್ತದೆ, ಆರು ಗಂಟೆ ನೀರು ಬಾಗಿಲು ಹಾಕುತ್ತದೆ.

ದಂಡೆಯ ಗಜನಿಯಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತಾರೆ. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತುತ್ತಾರೆ. ಉಳಿದ ಉಪ್ಪನ್ನೂ ಕೆಲವು ದಿನದ ಮುಳುಗನ್ನೂ ತಾಳಿಕೊಂಡು ಬೆಳೆಯುವ ತಳಿ ಅದು. ಭತ್ತ ಕೊಯ್ದ ಮೇಲೆ ಒಡ್ಡಿನ ತೂಬು ತೆರೆದು ಭರತದ ನೀರು ಬಿಟ್ಟರೆ, ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಅತ್ತ ಸಾಣಿಕಟ್ಟೆಯಲ್ಲಿ ಅದೇ ನೀರನ್ನು ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಅನ್ನ, ಮೀನು, ಉಪ್ಪು ಮೂರನ್ನೂ ಒಂದೇ ನೀರು ಕೊಡುವ ಊರುಗಳು ನಾಡಿನಲ್ಲಿ ಎಷ್ಟಿವೆ?

ಇದೆಲ್ಲ ನಿಂತಿರುವುದು ಸಿಹಿನೀರು ಉಪ್ಪುನೀರುಗಳ ಒಂದು ಹದದ ಮೇಲೆ. ಮಳೆಗಾಲದಲ್ಲಿ ಹೊಳೆ ಗೆಲ್ಲಬೇಕು, ಬೇಸಗೆಯಲ್ಲಿ ಕಡಲು ಒಳಗೆ ಬರಬೇಕು. ಚಿಪ್ಪಿ, ಸೀಗಡಿ, ಕಾಂಡ್ಲಾಗಳೆಲ್ಲ ಈ ಹದಕ್ಕೆ ಒಗ್ಗಿದ ಜೀವಗಳು. ಹತ್ತಿರದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಬಂತು, ಕಾಳಿಗೆ ಸೂಪಾದ ಕಟ್ಟೆ ಬಂತು. ಅವುಗಳ ವಿದ್ಯುತ್ತಿನಿಂದ ನಾಡು ಬೆಳಗಿತು, ನಿಜ. ಆದರೆ ಯಂತ್ರ ತಿರುಗಿಸಿದ ಸಿಹಿನೀರು ಬೇಸಗೆಯಲ್ಲೂ ಇಳಿದು ಬರುವಾಗ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಹದ ಮೊದಲಿನಂತೆ ಉಳಿಯಲಿಲ್ಲ. ಅಘನಾಶಿನಿಗೆ ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟು ಇಲ್ಲ. ಶಂಕರಹೊಂಡದಿಂದ ಕಡಲಿನವರೆಗೆ ಅದು ತನ್ನ ಇಚ್ಛೆಯಂತೆ ಹರಿಯುತ್ತದೆ.

ಎಷ್ಟು ಕಾಲ ಹೀಗೆ ಎಂಬುದೇ ಪ್ರಶ್ನೆ. 2000ರ ದಶಕದಲ್ಲಿ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಕಟ್ಟುವ ಯೋಚನೆ ಎದ್ದಿತು. ಊರಿನವರು ಎದುರು ನಿಂತರು, ಸ್ಥಾವರ ಬರಲಿಲ್ಲ. ಈಚಿನ ವರ್ಷಗಳಲ್ಲಿ ಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಕೇಳಿಬರುತ್ತಿದೆ. ಬಯಲುಸೀಮೆಯವರ ಬಾಯಾರಿಕೆಯೂ ಸುಳ್ಳಲ್ಲ. ನಮ್ಮ ಓದುಗರಲ್ಲಿ ಅಲ್ಲಿನವರೂ ಇದ್ದಾರೆ. ಆದರೆ ಸಮುದ್ರಕ್ಕೆ ಹೋದ ನೀರು ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೆ, ಅಘನಾಶಿನಿಯ ಇಳಿತದಲ್ಲಿ ಚಿಪ್ಪಿ ಆಯುವ ಹೆಂಗಸಿನ ಬುಟ್ಟಿಯನ್ನು ಒಮ್ಮೆ ನೋಡಿ ಬನ್ನಿ ಎಂದಷ್ಟೇ ನಾವು ಹೇಳಬಲ್ಲೆವು.

2024ರ ಜನವರಿಯ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಇರಾನಿನ ರಾಮ್ಸರ್ ಎಂಬ ಊರಿನಲ್ಲಿ 1971ರಲ್ಲಿ ಆದ ಒಪ್ಪಂದದಂತೆ, ಜಗತ್ತಿನ ಮುಖ್ಯ ಜೌಗುನೆಲಗಳನ್ನು ಗುರುತಿಸುವ ಪಟ್ಟಿ ಇದು. ಮುಂಬಯಿಯವರ ಠಾಣೆ ಖಾರಿಯೂ ಚೆನ್ನೈಯವರ ಪಳ್ಳಿಕರಣೈ ಜೌಗೂ 2022ರಲ್ಲಿ ಇದೇ ಪಟ್ಟಿಗೆ ಸೇರಿದವು. ಅವೆರಡರ ಪಾಡನ್ನು ಅಲ್ಲಿನ ಓದುಗರು ದಿನವೂ ನೋಡುತ್ತಿದ್ದಾರೆ. ಪಟ್ಟಿ ಒಂದು ಗೌರವ. ಅದು ತಾನಾಗಿ ಬೇಲಿಯಾಗುವುದಿಲ್ಲ. ನೋಡಿ ಬಲ್ಲವರು, ತಿಂದು ಬಲ್ಲವರು, ದೋಣಿಯಲ್ಲಿ ಕೂತು ಬಲ್ಲವರು ಹತ್ತು ಊರುಗಳಲ್ಲಿ ಇದ್ದರೆ, ನಾಳೆ ಅದರ ಪರವಾಗಿ ಮಾತನಾಡಲು ಹತ್ತು ಬಾಯಿಗಳಾದರೂ ಇರುತ್ತವೆ. ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ ಎಂದು ನಾವು ಹೇಳುವುದಕ್ಕೆ ನಿಜವಾದ ಕಾರಣ ಇದು. ಪರಸ್ಥಳದಲ್ಲಿ ಹುಟ್ಟಿದ ಮಗುವಿಗೆ "ಇದು ನಮ್ಮ ನಾಡು" ಎಂದು ಬಾಯಲ್ಲಿ ಹೇಳಿದರೆ ಅದು ತಲೆಯಾಡಿಸುತ್ತದೆ, ಅಷ್ಟೆ. ಕಡ್ಡಿ ನೆಟ್ಟು ನೀರು ಕಾದ ಮಗು ಆ ನೀರನ್ನು ಮರೆಯುವುದಿಲ್ಲ.

ಹೋಗುವವರಿಗೆ ಕೆಲವೇ ಮಾತು. ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಎಣಿಸಿ ವಾಪಸು ತನ್ನಿ. ಹರಿದ ಗಾಳದ ದಾರವನ್ನು ನೀರಿನಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಅದು ಉರುಳು. ಬೆಂಕಿಗೆ ಕಾಂಡ್ಲಾ ಕಡಿಯಬೇಡಿ, ಒಲೆ ಒಯ್ಯಿರಿ. ಚಿಪ್ಪಿ ಆಯುವವರ ನಡುವೆ ಇಳಿದು ಆಟಕ್ಕೆಂದು ಬುಟ್ಟಿ ತುಂಬಬೇಡಿ; ಬೇಕಾದರೆ ಅವರಿಂದಲೇ ಕೊಂಡು, ಅವರು ಹೇಳಿದಂತೆ ಸಾರು ಮಾಡಿ. ದೋಣಿಯವರ ಕೂಲಿಯಲ್ಲಿ ಚೌಕಾಶಿ ಬೇಡ. ಅಂಗಡಿಯಲ್ಲಿ ಕನ್ನಡದಲ್ಲೇ ಮಾತನಾಡಿ, ಮಕ್ಕಳಿಂದಲೂ ಆಡಿಸಿ. ಅವರ ಕನ್ನಡ ತಪ್ಪಿದರೆ ಅಲ್ಲಿ ಯಾರೂ ನಗುವುದಿಲ್ಲ. ನಕ್ಕರೂ ತಿದ್ದಿ ಕಳಿಸುತ್ತಾರೆ.

ಹೊರಡುವ ಮುನ್ನ ಪಂಚಾಂಗ ತೆಗೆದು ಹುಣ್ಣಿಮೆ ಅಮಾವಾಸ್ಯೆ ಯಾವಾಗ ಎಂದು ನೋಡಿಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಅಷ್ಟಮಿಯ ಆಸುಪಾಸು ಲೇಸು, ಸೆಳೆತ ಕಡಿಮೆ. ಹೋಗಿ ಬಂದವರು ನಮಗೊಂದು ಕಾಗದ ಬರೆಯಿರಿ. ಎಷ್ಟು ಮೀನು ಸಿಕ್ಕಿತೆಂಬುದನ್ನು ಬರೆಯಬೇಕಾಗಿಲ್ಲ, ಅದರಲ್ಲಿ ಸತ್ಯ ಬರೆದವರು ವಿರಳ. ಚಿಪ್ಪಿ ಆಯುವವರು ದಂಡೆಯಲ್ಲಿ ಎಷ್ಟು ಜನ ಕಂಡರು, ಬುಟ್ಟಿ ತುಂಬಿತ್ತೇ, ಅರ್ಧವಿತ್ತೇ, ಅದನ್ನು ಬರೆಯಿರಿ. ಮುಂದಿನ ಸಂಚಿಕೆಗಳಲ್ಲಿ ಅಚ್ಚು ಮಾಡುತ್ತೇವೆ.